ದೇವರಾಜು ಅಲ್ಲಾಡಿಸಿ ಆರಿಸಿದ ಪವರ್ ಸಪ್ಲೈ

ಕೋಡಿಹಳ್ಳಿ ಸುತ್ತಮುತ್ತ ರೇಷ್ಮೆ ಬೆಳೆಯುವವರಲ್ಲಿ ದೇವರಾಜುವಿನ ಕಿವಿಯ ಸಮಾಚಾರ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಇದ್ದರೆ ಅವರು ಮೊನ್ನೆ ಮೊನ್ನೆ ಹುಳ ಸಾಕಲು ಶುರು ಮಾಡಿದವರಿರಬೇಕು, ಇಲ್ಲವೇ ಬರೀ ಹೊಟ್ಟೆಕಿಚ್ಚಿನವರಿರಬೇಕು.

ವಿಷಯ ಏನೆಂದರೆ, ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಯ ಮೇಲೆ ಹುಳ ಗೂಡು ಕಟ್ಟಿ ಮುಗಿಸಿದ ಮೇಲೆ ಯಾವತ್ತು ಬಿಡಿಸಬೇಕು ಅನ್ನುವುದೇ ಒಂದು ದೊಡ್ಡ ತಲೆನೋವು. ಒಳಗಿನ ಹುಳ ಇನ್ನೂ ಮೆತ್ತಗಿರುವಾಗ ಬಿಡಿಸಿದರೆ ಅದು ಒಳಗೇ ಒಡೆದು ಗೂಡಿಗೆ ಕಲೆ ಹತ್ತುತ್ತದೆ. ಕಲೆ ಗೂಡನ್ನು ರಾಮನಗರದ ಮಾರುಕಟ್ಟೆಯಲ್ಲಿ ಯಾರೂ ಮೂಸಿ ಕೂಡ ನೋಡುವುದಿಲ್ಲ. ತಡ ಮಾಡಿದಿರೋ, ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬಂದು ನಿಮ್ಮನ್ನೇ ನೋಡುತ್ತಾ ಕೂರುತ್ತದೆ. ಅದಕ್ಕೇ ಜನ ಟವಲಿನಲ್ಲಿ ಒಂದಷ್ಟು ಗೂಡು ಕಟ್ಟಿಕೊಂಡು ದೇವರಾಜುವಿನ ಜಗಲಿಗೆ ಬರುತ್ತಿದ್ದರು. ಅವನು ಒಂದೊಂದನ್ನೇ ಕಿವಿಯ ಪಕ್ಕ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದ. ಒಳಗಿನ ಹುಳ ಗಟ್ಟಿಯಾಗಿ ಕೋಶವಾಗಿದ್ದರೆ ಗೂಡಿನ ಗೋಡೆಗೆ ತಾಗಿ ಟಕ್ ಟಕ್ ಎಂದು ಬಲು ಸಣ್ಣ ಸದ್ದು ಬರುತ್ತದೆ. "ಜೀವ ಗಟ್ಟಿಯಾಗೈತೆ, ಬುಡ್ಸು" ಎಂದರೆ ಬಿಡಿಸಿದರು. "ಒಂದಿನ ತಡಿ" ಎಂದರೆ ತಡೆದರು. ಅವನು ಹೇಳಿದ್ದು ತಪ್ಪಿದ್ದನ್ನು ನೋಡಿದವರಿಲ್ಲ.

ಅಯ್ಯೋ, ಆ ಕಿವಿ ಹೋಗಿ ಎರಡು ವರ್ಷವಾಗಿತ್ತು! ಪೂರ್ತಿ ಹೋಗಿರಲಿಲ್ಲ. ಬಸ್ಸಿನ ಹಾರನ್ನು ಕೇಳುತ್ತಿತ್ತು, ಎದುರಿಗೆ ನಿಂತು ಮಾತಾಡಿದರೆ ಕೇಳುತ್ತಿತ್ತು, ಹೆಂಡತಿ ಸೌಮ್ಯ ಬೈದದ್ದಂತೂ ಚೆನ್ನಾಗಿಯೇ ಕೇಳುತ್ತಿತ್ತು. ಸಣ್ಣ ಸದ್ದುಗಳು ಮಾತ್ರ ಒಂದೊಂದಾಗಿ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿದ್ದವು. ನಾಲ್ಕನೇ ಜ್ವರ ಎದ್ದ, ಎಂದರೆ ಕೊನೆಯ ಸಲ ಪೊರೆ ಕಳಚಿದ ಹುಳ ಸೊಪ್ಪು ಮೇಯುವಾಗ ಹುಳದ ಮನೆ ತುಂಬ ಸೋನೆ ಮಳೆ ಹಿಡಿದಂತೆ ಸದ್ದಾಗುತ್ತದಲ್ಲ, ಅದು ಮೊದಲು ಹೋಯಿತು. ಆಮೇಲೆ ಗೂಡಿನ ಟಕ್ ಟಕ್. ಯಾರಿಗೂ ಅವನು ಹೇಳಲಿಲ್ಲ. ಚಂದ್ರಿಕೆಗೆ ಹುಳ ಬಿಟ್ಟ ದಿನ ಯಾವುದು, ಹವೆ ಹೇಗಿತ್ತು ಎಂದು ಮಾತಿನ ನಡುವೆ ವಿಚಾರಿಸಿಕೊಂಡು, ಗೂಡನ್ನು ಬೆರಳಲ್ಲಿ ಒತ್ತಿ, ಬೆಳಕಿಗೆ ಹಿಡಿದು, ಕಿವಿಯ ಹತ್ತಿರ ಸುಮ್ಮನೆ ಶಾಸ್ತ್ರಕ್ಕೆ ಅಲ್ಲಾಡಿಸಿ ಏನೋ ಒಂದು ಹೇಳಿ ಕಳಿಸುತ್ತಿದ್ದ. ಇಲ್ಲಿಯವರೆಗೆ ಬಚಾವಾಗಿದ್ದ. ಆದರೆ ಯಾರಾದರೂ ಟವಲು ಹಿಡಿದುಕೊಂಡು ಗೇಟು ತೆಗೆದರೆ ಅವನ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಗುತ್ತಿತ್ತು. ತನ್ನ ಒಂದು ಸುಳ್ಳು ಮಾತಿಗೆ ಯಾವನದೋ ಇಡೀ ಬೆಳೆ ಹಾಳಾಗಿ ಹೋಗಬಹುದು ಅನ್ನುವುದು ಅವನಿಗೆ ಗೊತ್ತಿತ್ತು.

ಹೀಗಿರುವಾಗ ಮಗಳು ಧನುಶ್ರೀಗೆ ಕಂಪ್ಯೂಟರ್ ಕಟ್ಟುವ ಹುಚ್ಚು ಹತ್ತಿತು. ಕನಕಪುರದ ಕಾಲೇಜಿನಲ್ಲಿ ಬಿಸಿಎ ಓದುತ್ತಿದ್ದ ಹುಡುಗಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವಂಥದ್ದು ಅವಳಿಗೆ ಬೇಡ. ದೊಡ್ಡ ದೊಡ್ಡ ಆಟ ಆಡುವಂಥದ್ದು, ಆಟಗಳನ್ನು ತಾನೇ ಮಾಡುವಂಥದ್ದು ಬೇಕು, ಅದನ್ನೂ ತನ್ನ ಕೈಯಾರೆ ಜೋಡಿಸಬೇಕು. ಒಂದೊಂದು ಬೆಳೆ ಮಾರಿದಾಗಲೂ ಒಂದೊಂದು ಭಾಗ ಮನೆಗೆ ಬಂತು. ಒಂದು ಬೆಳೆಗೆ ಗಾಜಿನ ಪಕ್ಕೆಯ ಡಬ್ಬ, ಒಂದು ಬೆಳೆಗೆ ಮದರ್‌ಬೋರ್ಡು, ಚೆನ್ನಾಗಿ ಬೆಲೆ ಸಿಕ್ಕಿದ ಬೆಳೆಗೆ ಗ್ರಾಫಿಕ್ಸ್ ಕಾರ್ಡು. ಎಲ್ಲವೂ ಸೌಮ್ಯಳ ಬೀರುವಿನಲ್ಲಿ ಅವಳ ರೇಷ್ಮೆ ಸೀರೆಗಳನ್ನು ಮೂಲೆಗೆ ತಳ್ಳಿ ಕೂತಿದ್ದವು.

"ನಾನು ಮದ್ವೆಗೆ ಹೋಗ್ಬೇಕು ಅಂದ್ರೆ ಆ ಬೋರ್ಡನ್ನೇ ಉಟ್ಕೊಂಡು ಹೋಗ್ಬೇಕು ಅಷ್ಟೆಯ!" ಎಂದು ಸೌಮ್ಯ ಕೂಗುತ್ತಿದ್ದಳು. ಈಚೀಚೆಗೆ ಅವಳು ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದಳು. ವಯಸ್ಸಾದಂತೆ ಹೆಂಡತಿ ಜಗಳಗಂಟಿಯಾದಳು ಎಂದು ದೇವರಾಜು ಬೇಜಾರು ಮಾಡಿಕೊಂಡಿದ್ದ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವನು ಬೀರು ತೆಗೆದು ಆ ಮದರ್‌ಬೋರ್ಡನ್ನು ನೋಡಿದ. ಅಂಗೈ ಎರಡು ಸೇರಿಸಿದಷ್ಟು ಅಗಲ. ಅದರ ಮೇಲೆ ಕೂದಲಿನಂಥ ಗೆರೆಗಳು ಒಂದರ ಪಕ್ಕ ಒಂದು ಓಡಿ, ತಿರುಗಿ, ಎಲ್ಲಿಯೂ ಒಂದಕ್ಕೊಂದು ತಾಗದೆ ತಮ್ಮ ತಮ್ಮ ಜಾಗ ಸೇರಿದ್ದವು. ಬೆರಳಿನ ತುದಿಯಷ್ಟು ಗೂಡಿನೊಳಗೆ ಕಿಲೋಮೀಟರ್ ಉದ್ದದ ಎಳೆಯನ್ನು ಹುಳ ಸಿಕ್ಕಾಗದಂತೆ ಸುತ್ತುವುದನ್ನು ಜೀವಮಾನವೆಲ್ಲ ನೋಡಿದವನು ಅವನು. ಅದೇ ಅಚ್ಚರಿ ಇನ್ನೊಂದು ವೇಷ ಹಾಕಿಕೊಂಡು ತನ್ನ ಮನೆಯ ಬೀರುವಿಗೆ ಬಂದಿದೆಯಲ್ಲ ಎನ್ನಿಸಿ ಅವನಿಗೆ ಮೈ ಜುಮ್ಮೆಂದಿತು. ಯಾರು ಕೂತು ಬರೆದರಪ್ಪ ಇದನ್ನು? ಮನುಷ್ಯರೇ ತಾನೇ? ಅವನು ಅದನ್ನು ಮುಟ್ಟಲಿಲ್ಲ. ಬಾಗಿಲು ಮುಚ್ಚುವಾಗ ಗೊತ್ತಿಲ್ಲದೆಯೇ ಕೈಯನ್ನು ಕಣ್ಣಿಗೊತ್ತಿಕೊಂಡ.

ಕೊನೆಗೆ ಉಳಿದದ್ದು ಪವರ್ ಸಪ್ಲೈ ಒಂದೇ. ಆ ಸಲದ ಗೂಡನ್ನು ರಾಮನಗರದಲ್ಲಿ ಹರಾಜಿಗೆ ಹಾಕಿ, ಕೆಲಸ ಮುಗಿಸಿಕೊಂಡು, ಅಪ್ಪ ಮಗಳು ಇಬ್ಬರೂ ಐಜೂರು ಸರ್ಕಲ್ ಹತ್ತಿರದ ಹಿನಾಳ ಅಂಗಡಿಗೆ ಹೋದರು. ಹಿನಾಳ ತಂದೆ ನೂಲು ತೆಗೆಯುವ ರೀಲರ್, ದೇವರಾಜುವಿನ ಗೂಡನ್ನು ಎಷ್ಟೋ ಸಲ ಕೊಂಡವರು. ಮಗಳು ಕಂಪ್ಯೂಟರ್ ಅಂಗಡಿ ಇಟ್ಟಿದ್ದಳು, ಕೈಯಲ್ಲಿ ಸದಾ ಒಂದು ಸ್ಕ್ರೂ ಡ್ರೈವರ್.

"ಇದೊಂದು ನಾನು ಆರಿಸ್ತೀನಿ ಕಣವ್ವ" ಎಂದ ದೇವರಾಜು. "ಮಿಕ್ಕಿದ್ದೆಲ್ಲ ನೀನೇ ಆರಿಸಿ ತಂದಿದ್ದೀಯ. ಕರೆಂಟಿನ ವಿಚಾರ ನಂಗೂ ಒಸಿ ಗೊತ್ತೈತೆ."

ಧನುಶ್ರೀ ಅಪ್ಪನ ಮುಖ ನೋಡಿದಳು. "ಆಗ್ಲಿ ಕಣಪ್ಪ" ಎಂದಳು.

ಹಿನಾ ಎರಡು ಪವರ್ ಸಪ್ಲೈಗಳನ್ನು ಡಬ್ಬದಿಂದ ತೆಗೆದು ಮೇಜಿನ ಮೇಲಿಟ್ಟಳು. ಒಂದು ಕಪ್ಪಗೆ, ಸಾದಾ, ಇಟ್ಟಿಗೆಯಂತೆ ಭಾರ. ಇನ್ನೊಂದರ ಹೆಸರು ಯಾರೂ ಕೇಳಿದ್ದಲ್ಲ, ಆದರೆ ಫ್ಯಾನಿನ ಸುತ್ತ ಬಣ್ಣದ ದೀಪ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಎಂಟುನೂರ ಐವತ್ತು ವ್ಯಾಟು ಎಂದು ಬರೆದಿತ್ತು. ಕಪ್ಪನೆಯದರ ಮೇಲೆ ಆರುನೂರ ಐವತ್ತು ಅಷ್ಟೇ.

"ನೋಡಿ ಅಂಕಲ್" ಎಂದಳು ಹಿನಾ. "ಗೋಡೆಯಿಂದ ಬರೋ ಕರೆಂಟನ್ನ ಹಂಗೇ ಕೊಟ್ರೆ ಒಳಗಿರೋದೆಲ್ಲ ಸುಟ್ಟೋಗ್ತದೆ. ಈ ಪೆಟ್ಟಿಗೆ ಅದನ್ನ ತಗೊಂಡು ಹನ್ನೆರಡು ವೋಲ್ಟು, ಐದು ವೋಲ್ಟು, ಮೂರು ಚಿಲ್ಲರೆ ಅಂತ ಮಾಡಿ, ಯಾರಿಗೆ ಎಷ್ಟು ಬೇಕೋ ಅಷ್ಟೇ ಕೊಡ್ತದೆ."

ದೇವರಾಜು ಬಾಯಿ ತೆರೆದುಕೊಂಡು ಕೇಳಿದ. "ಅಂದ್ರೆ ಚಾಕಿ ಹುಳಕ್ಕೆ ಎಳೇ ಸೊಪ್ಪು ಸಣ್ಣಗೆ ಹೆಚ್ಚಿ ಹಾಕ್ತೀವಿ, ದೊಡ್ಡ ಹುಳಕ್ಕೆ ಕಡ್ಡಿ ಸಮೇತ ಹಾಕ್ತೀವಿ. ಹಂಗಾ?"

"ಪಕ್ಕಾ ಹಂಗೇ!" ಹಿನಾ ನಕ್ಕಳು. "ಆಟದಲ್ಲಿ ದೊಡ್ಡ ಯುದ್ಧ ಗಿದ್ಧ ಬಂದಾಗ ಈ ಕಾರ್ಡು ಒಂದೇ ಸಲಕ್ಕೆ ಜಾಸ್ತಿ ಕೇಳ್ತದೆ. ಆಗ ತಡವರಿಸದೆ ಕೊಡ್ಬೇಕು. ನಿಮ್ಮ ಕಡೆ ವೋಲ್ಟೇಜು ಬೇರೆ ಏಳ್ತದೆ ಬೀಳ್ತದೆ. ಈ ಕಪ್ಪುದು ಅದನ್ನೆಲ್ಲ ತಡ್ಕೊಳ್ತದೆ. ಆರುನೂರ ಐವತ್ತು ಅಂದ್ರೆ ಅಷ್ಟೂ ನಿಜ. ಆ ದೀಪದ್ದು ಕಡಿಮೆ ರೇಟಿಗೆ ಬೇಕು ಅನ್ನೋರಿಗೆ ಇಟ್ಟಿದ್ದೀನಿ. ಬರ್ದಿರೋದೆಲ್ಲ ಒಳಗಿರಲ್ಲ."

ಅಷ್ಟರಲ್ಲಿ ಯಾರೋ ಪ್ರಿಂಟರ್ ಹೊತ್ತುಕೊಂಡು ಬಂದರು, ಹಿನಾ ಅತ್ತ ತಿರುಗಿದಳು. ದೇವರಾಜು ಕಪ್ಪನೆಯದನ್ನು ಎತ್ತಿದ. ಎತ್ತಿದವನು ಏನು ಮಾಡಬೇಕು? ಮೂವತ್ತು ವರ್ಷದಿಂದ ಕೈಗೆ ಏನು ಬಂದರೂ ಮಾಡುತ್ತಿದ್ದುದನ್ನೇ ಮಾಡಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

ಏನೂ ಇಲ್ಲ. ಇನ್ನೊಮ್ಮೆ ಅಲ್ಲಾಡಿಸಿದ. ಏನೂ ಇಲ್ಲ. ಇದರೊಳಗೆ ಸದ್ದೇ ಇಲ್ಲವೋ, ಇದ್ದೂ ತನಗೆ ಕೇಳುತ್ತಿಲ್ಲವೋ? ಇಷ್ಟು ದೊಡ್ಡ ಪೆಟ್ಟಿಗೆಯ ಸದ್ದೂ ಕೇಳದಷ್ಟು ಹೋಗಿಬಿಟ್ಟಿತೇ ಕಿವಿ? ಅದನ್ನು ಕೆಳಗಿಟ್ಟು, ಹೆದರುತ್ತಲೇ ದೀಪದ ಪೆಟ್ಟಿಗೆಯನ್ನು ಎತ್ತಿ ಅಲ್ಲಾಡಿಸಿದ.

ಟಕ್. ಟಕ್ ಟಕ್.

ದೇವರೇ! ಕೇಳಿತು! ಸಣ್ಣಗೆ, ಸ್ಪಷ್ಟವಾಗಿ, ಒಳಗಿನಿಂದ, ಹಣ್ಣಾದ ಗೂಡಿನ ಸದ್ದಿನ ಹಾಗೆಯೇ ಕೇಳಿತು. ಎರಡು ವರ್ಷದಿಂದ ಬೀಗ ಹಾಕಿದ್ದ ಬಾಗಿಲನ್ನು ಯಾರೋ ಒಳಗಿನಿಂದ ತಟ್ಟಿದಂತಾಯಿತು. ಅವನು ಮತ್ತೆ ಅಲ್ಲಾಡಿಸಿದ, ಮತ್ತೆ ಕೇಳಿದ. ಖುಷಿಗೆ ಅವನ ಕಣ್ಣು ತೇವವಾಯಿತು. ಅಂಗಡಿಯಲ್ಲಿ ಅತ್ತರೆ ಮಾನ ಹೋಗುತ್ತದೆ ಎಂದು ಕೆಮ್ಮಿದ.

"ಇದೇ ಇರ್ಲಿ" ಎಂದ, ಸ್ವಲ್ಪ ಜೋರಾಗಿಯೇ. "ನಮ್ಮೂರ ವೋಲ್ಟೇಜ್ ನಂಗೆ ಗೊತ್ತಿಲ್ವಾ? ಐದು ಎಚ್‌ಪಿ ಸಾಕು ಅನ್ನೋ ಕಡೆ ಏಳೂವರೆ ಮೋಟ್ರು ಬುಡ್ತೀವಿ ನಾವು. ದೊಡ್ಡದೇ ಇರ್ಲಿ. ಇದ್ರಲ್ಲಿ ಜೀವ ಐತೆ."

ಹಿನಾ ಏನೋ ಹೇಳಲು ಬಾಯಿ ತೆರೆದಳು. ಧನುಶ್ರೀ ಅವಳ ಮೊಣಕೈ ಮುಟ್ಟಿದಳು. ಇಬ್ಬರೂ ತಲೆ ಹತ್ತಿರ ಮಾಡಿಕೊಂಡು ಏನೋ ಮಾತಾಡಿದರು. ದೇವರಾಜುವಿಗೆ ತುಟಿ ಅಲ್ಲಾಡಿದ್ದು ಕಂಡಿತೇ ಹೊರತು ಮಾತು ಕೇಳಲಿಲ್ಲ. ಅವನು ಅದಕ್ಕೆ ತಲೆ ಕೆಡಿಸಿಕೊಳ್ಳಲೂ ಇಲ್ಲ. ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಕನಕಪುರದಲ್ಲಿ ಇಳಿದಾಗ ಮೈಸೂರುಪಾಕು ಕಟ್ಟಿಸಿಕೊಂಡು, ಮನೆಗೆ ಬಂದು ಸೌಮ್ಯಳ ಮುಂದೆಯೂ ಪೆಟ್ಟಿಗೆಯನ್ನು ಒಂದು ಸಲ ಅಲ್ಲಾಡಿಸಿ ತೋರಿಸಿದ. "ಕೇಳಿಸ್ತಾ?" ಎಂದ. ಸೌಮ್ಯ ಮಗಳ ಕಡೆ ನೋಡಿದಳು. ಮಗಳು ಅಮ್ಮನ ಕಡೆ ನೋಡಿದಳು. "ಕೇಳಿಸ್ತು ಕಣ್ರೀ!" ಎಂದು ಸೌಮ್ಯ ಕೂಗಿದಳು.

ಮಾರನೆಯ ಬೆಳಗ್ಗೆ ಧನುಶ್ರೀ ನಡುಮನೆಯಲ್ಲಿ ಚಾಪೆ ಹಾಸಿ ಜೋಡಿಸಲು ಕೂತಳು. ಮದರ್‌ಬೋರ್ಡು ಡಬ್ಬದೊಳಗೆ ಹೋಯಿತು, ಅದರ ಮೇಲೆ ಪ್ರೊಸೆಸರು, ಅದರ ಮೇಲೆ ಅದನ್ನು ತಣ್ಣಗಿಡುವ ಫ್ಯಾನು. ಪವರ್ ಸಪ್ಲೈಗೆ ಮಾತ್ರ ಕೈ ಹಾಕದೆ ಅದನ್ನು ಪಕ್ಕದಲ್ಲೇ ಇಟ್ಟುಕೊಂಡು ಅದನ್ನು ಇದನ್ನು ಒರೆಸುತ್ತಾ ಹೊತ್ತು ಕಳೆಯುತ್ತಿದ್ದಳು.

"ಅದನ್ಯಾಕವ್ವ ಹಂಗೇ ಇಟ್ಟಿದ್ದೀಯ? ಹಾಕು" ಎಂದ ದೇವರಾಜು.

"ಹಾಕ್ತೀನಿ ತಡಿ ಅಪ್ಪ."

ಆಗಲೇ ಗೇಟು ಕಿರ್ರೆಂದದ್ದು. ಕೆಳಗಿನ ಬೀದಿಯ ಲಕ್ಷ್ಮಯ್ಯ, ಹೆಗಲ ಮೇಲೊಂದು ಟವಲು, ಕೈಯಲ್ಲೊಂದು ಟವಲು. ವಯಸ್ಸಾದವನು, ಈ ಸಲ ದೊಡ್ಡ ಬೆಳೆ ಇಟ್ಟಿದ್ದ.

"ದೇವ್ರಾಜ, ಟೆಂಪೋದವ್ನು ನಾಳೇನೇ ಮಾರ್ಕೆಟ್ಗೆ ಹೊಯ್ತೀನಿ ಅಂತಾವ್ನೆ. ಇವತ್ತು ಬುಡ್ಸಾದಾ ಬ್ಯಾಡ್ವಾ? ಒಸಿ ನೋಡು."

ಬೇರೆ ದಿನವಾಗಿದ್ದರೆ ದೇವರಾಜು ಚಂದ್ರಿಕೆಗೆ ಬಿಟ್ಟ ದಿನ ಕೇಳುತ್ತಿದ್ದ, ಹವೆ ಕೇಳುತ್ತಿದ್ದ. ಇವತ್ತು ಕೇಳಲಿಲ್ಲ. ನಿನ್ನೆ ತಾನೇ ಕಿವಿ ವಾಪಸು ಬಂದಿದೆಯಲ್ಲ! ಎದೆ ಸೆಟೆಸಿಕೊಂಡು ಒಂದು ಗೂಡು ಎತ್ತಿ ಅಲ್ಲಾಡಿಸಿದ. ಸದ್ದಿಲ್ಲ. ಇನ್ನೊಂದು ಎತ್ತಿದ. ಸದ್ದಿಲ್ಲ. ಮತ್ತೊಂದು. ಹುಳ ಇನ್ನೂ ಮೆತ್ತಗಿದೆಯೋ, ತನ್ನ ಕಿವಿಯೇ ಸತ್ತಿದೆಯೋ? ಬಿಡಿಸು ಎಂದು ಬಿಡಿಸಿದರೆ ಕಲೆ ಹತ್ತಿ ಲಕ್ಷ್ಮಯ್ಯನ ಬೆಳೆ ಹೋಗುತ್ತದೆ. ಬೇಡ ಎಂದು ಟೆಂಪೋ ತಪ್ಪಿಸಿ, ಆಮೇಲೆ ಹಣ್ಣಾಗಿತ್ತು ಎಂದಾದರೆ ಆ ಮುದುಕನ ಮುಂದೆ ಹೇಗೆ ನಿಲ್ಲುವುದು? ಲಕ್ಷ್ಮಯ್ಯ ಮಾತ್ರ ಬಾಯಿ ಸ್ವಲ್ಪ ತೆರೆದುಕೊಂಡು, ದೇವರ ಮುಂದೆ ಹೂವಿನ ಪ್ರಸಾದಕ್ಕೆ ಕಾಯುವ ಭಕ್ತನಂತೆ ನಂಬಿ ನೋಡುತ್ತಿದ್ದ.

ಧನುಶ್ರೀ ಎದ್ದು ಬಂದಳು. "ನಂಗೂ ಒಂದು ಕೊಡಿ ತಾತ" ಎಂದು ಟವಲಿನಿಂದ ಒಂದು ಗೂಡು ತೆಗೆದುಕೊಂಡು ಲಕ್ಷ್ಮಯ್ಯನ ಹಿಂದೆ ಹೋಗಿ ನಿಂತಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಆಮೇಲೆ ನೇರವಾಗಿ ಅಪ್ಪನ ಕಣ್ಣನ್ನೇ ನೋಡುತ್ತಾ ತಲೆಯನ್ನು ಒಂದಿಷ್ಟೇ ಅಡ್ಡಡ್ಡ ಆಡಿಸಿದಳು.

ದೇವರಾಜು ಕೈಯಲ್ಲಿದ್ದ ಗೂಡನ್ನು ಟವಲಿಗೆ ಹಾಕಿದ. "ಒಂದಿನ ತಡಿ ಲಕ್ಷ್ಮಯ್ಯಣ್ಣ" ಎಂದ, ಬಾಯಿ ತಾನೇ ಹೇಳಿತು. "ಟೆಂಪೋ ಹೋದ್ರೆ ಹೋಗ್ಲಿ. ನಾಳೆ ಬೆಳಗ್ಗೆ ಬಾ."

"ನೀ ಹೇಳಿದ್ ಮೇಲೆ ಮುಗೀತು" ಎಂದು ಲಕ್ಷ್ಮಯ್ಯ ಟವಲು ಕೊಡವಿ ಹೊರಟುಹೋದ.

ಗೇಟು ಮುಚ್ಚಿತು. "ಯಾವಾಗಿಂದ ಗೊತ್ತು ನಿಂಗೆ?" ಎಂದು ಕೇಳಿದ ದೇವರಾಜು. ಸಿಟ್ಟಿನಿಂದ ಕೇಳಬೇಕೆಂದುಕೊಂಡಿದ್ದ, ದನಿ ಸಣ್ಣದಾಗಿ ಹೊರಟಿತು.

"ಹುಳದ ಮನೇಲಿ ನಾನು ಹಿಂದೆ ನಿಂತು ಅಪ್ಪಾ ಅಂದ್ರೆ ನೀನು ತಿರುಗ್ತಿರಲಿಲ್ಲ. ಆವಾಗಿಂದ. ಅಮ್ಮಂಗೂ ಗೊತ್ತು. ಅಮ್ಮ ಯಾಕೆ ಅಷ್ಟು ಕೂಗ್ತಾಳೆ ಅಂದ್ಕೊಂಡಿದ್ದೀಯ?"

ಅವನು ಜಗಲಿಯ ಮೇಲೆ ಕೂತುಬಿಟ್ಟ. ಎರಡು ವರ್ಷದಿಂದ ಹೆಂಡತಿಯನ್ನು ಜಗಳಗಂಟಿ ಎಂದು ಮನಸ್ಸಿನಲ್ಲೇ ಬೈದುಕೊಂಡದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. "ನಿನ್ನೆ ಕೇಳ್ತು ಕಣವ್ವ" ಎಂದ. "ಆಣೆಗೂ ಕೇಳ್ತು. ಆ ಪೆಟ್ಟಿಗೇಲಿ."

ಧನುಶ್ರೀ ಒಳಗೆ ಹೋಗಿ ದೀಪದ ಪವರ್ ಸಪ್ಲೈ ತಂದಳು, ಫೋನಿನ ಟಾರ್ಚು ಹಾಕಿ ಫ್ಯಾನಿನ ಜಾಲರಿಯ ಮೇಲೆ ಹಿಡಿದಳು. "ಇಲ್ನೋಡು. ಆ ಮೂಲೇಲಿ."

ನೋಡಿದ. ಒಳಗೆ ತಂತಿಗಳ ನಡುವೆ, ತಾಮ್ರದ ಸುರುಳಿಯ ಪಕ್ಕ, ಒಂದು ಪುಟ್ಟ ಸ್ಕ್ರೂ ಬಿಚ್ಚಿಕೊಂಡು ಬಿದ್ದಿತ್ತು. ಪೆಟ್ಟಿಗೆ ವಾಲಿಸಿದಾಗ ಅದು ಉರುಳಿ ತಗಡಿಗೆ ಬಡಿಯಿತು. ಟಕ್ ಟಕ್.

"ಇದು ಗೂಡಲ್ಲ ಕಣಪ್ಪ. ಗೂಡಲ್ಲಿ ಸದ್ದು ಬಂದ್ರೆ ಒಳ್ಳೇದು. ಇದ್ರಲ್ಲಿ ಸದ್ದು ಬಂದ್ರೆ ಕೆಟ್ಟದ್ದು. ಆ ಸ್ಕ್ರೂ ಎಲ್ಲಾದ್ರೂ ಎರಡು ಕಡೆ ತಾಗಿ, ಕರೆಂಟು ಹೋಗ್ಬಾರದ ಕಡೆ ಹೋದ್ರೆ, ಇದರ ಜೊತೆಗೆ ಬೋರ್ಡು, ಕಾರ್ಡು, ನಾಲ್ಕು ಬೆಳೆ ಒಟ್ಟಿಗೆ ಸುಟ್ಟೋಗ್ತವೆ."

"ಗೊತ್ತಿದ್ದೂ ಯಾಕ್ ತಂದ್ಯವ್ವ ಹಂಗಾರೆ?"

ಧನುಶ್ರೀ ಟಾರ್ಚು ಆರಿಸಿದಳು. "ಅಂಗಡೀಲಿ ನಿನ್ನ ಮುಖ ನೋಡಿದೆ. ನಿಂಗೆ ಕೇಳ್ತು ಅಂತ ಗೊತ್ತಾಯ್ತು. ಆ ಖುಷಿ ನೋಡ್ಬಿಟ್ಟು, ಅದು ಸ್ಕ್ರೂ ಅಂತ ಹೇಳಕ್ಕೆ ನಂಗೆ ಬಾಯಿ ಬರ್ಲಿಲ್ಲ ಕಣಪ್ಪ. ಹಿನಾ ಅಕ್ಕ ಆವಾಗ್ಲೇ ಹೇಳಿದ್ರು, ಆನ್ ಮಾಡ್ಬೇಡ, ವಾಪಸ್ ತಗೊಂಡು ಬಾ, ಬದಲಾಯಿಸಿ ಕೊಡ್ತೀನಿ ಅಂತ."

ದೇವರಾಜುವಿಗೆ ಅವಮಾನವಾಗಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ತನ್ನ ಒಂದು ದಿನದ ಖುಷಿಗಾಗಿ ಈ ಹುಡುಗಿ ಇಷ್ಟು ತಿಂಗಳು ಆಸೆಪಟ್ಟದ್ದನ್ನು ಪಕ್ಕಕ್ಕಿಟ್ಟು ಕೂತಿದ್ದಳಲ್ಲ ಎನ್ನಿಸಿತು. ಎದ್ದು ಶರಟು ಹಾಕಿಕೊಂಡ. "ನಡಿ ಮತ್ತೆ. ಒಂಬತ್ತೂವರೆ ಬಸ್ಸೈತೆ."

ಆವತ್ತು ಹಿನಾಳ ಅಂಗಡಿಯಲ್ಲಿ ಕಪ್ಪು ಪವರ್ ಸಪ್ಲೈಯನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಅಲ್ಲಾಡಿಸಿದ. ಸದ್ದು ಬರಲಿಲ್ಲ. "ಸರ್ಯಾಗೈತೆ" ಎಂದ. ಹಿನಾ ನಗು ತಡೆದುಕೊಳ್ಳಲು ಬಿಲ್ ಪುಸ್ತಕದೊಳಗೆ ಮುಖ ಹುದುಗಿಸಿದಳು.

ಮೂರನೆಯ ದಿನ ಬೆಳಗ್ಗೆ ಇಟ್ಟಿಗೆಯಂಥ ಆ ಪೆಟ್ಟಿಗೆ ತನ್ನ ಜಾಗದಲ್ಲಿ ಕೂತಿತು. ಧನುಶ್ರೀ ಒಂದೊಂದೇ ಕೇಬಲ್ ಎಳೆದು ಒಂದೊಂದಕ್ಕೆ ಕೊಟ್ಟಳು. ಬೋರ್ಡಿಗೆ ಅಗಲದ್ದು, ಪ್ರೊಸೆಸರಿಗೆ ಇನ್ನೊಂದು, ಕಾರ್ಡಿಗೆ ದಪ್ಪದ್ದು. ಹುಳಕ್ಕೆ ಸೊಪ್ಪು ಹಾಕುವಾಗ ಇರುವಷ್ಟೇ ಶ್ರದ್ಧೆಯಿಂದ ಮಗಳ ಬೆರಳು ಓಡಾಡುವುದನ್ನು ದೇವರಾಜು ನೋಡುತ್ತಾ ಕೂತ. ಸೌಮ್ಯ ಕೈ ಒರೆಸಿಕೊಂಡು ಬಂದು ಬಾಗಿಲಿಗೆ ಒರಗಿದಳು.

"ಅಪ್ಪ, ನೀನೇ ಒತ್ತು" ಎಂದಳು ಧನುಶ್ರೀ.

ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗಾಜಿನ ಹಿಂದೆ ಒಂದು ಫ್ಯಾನು ಮೆಲ್ಲಗೆ ಕದಲಿತು, ಇನ್ನೊಂದು ಕದಲಿತು, ಬೋರ್ಡಿನ ಅಂಚಿನಲ್ಲಿ ಸಾಸಿವೆಯಷ್ಟು ದೀಪ ಹೊತ್ತಿತು. ಮಾನಿಟರಿನಲ್ಲಿ ಬೆಳಕು ಬಂತು. ನಾಲ್ಕು ಬೆಳೆಗಳ ಕಾಲ ಬೀರುವಿನಲ್ಲಿ ಸತ್ತಂತೆ ಬಿದ್ದಿದ್ದ ತಗಡು, ಪ್ಲಾಸ್ಟಿಕ್ಕು ಎಲ್ಲ ಸೇರಿ ಕಣ್ಣು ಬಿಟ್ಟು ಅವರನ್ನು ನೋಡಿತು. ಸೌಮ್ಯ "ಅಯ್ಯಯ್ಯಪ್ಪ" ಎಂದು ಕೆನ್ನೆಗೆ ಕೈ ಇಟ್ಟುಕೊಂಡಳು. ದೇವರಾಜುವಿಗೆ ಕೈ ಮುಗಿಯಬೇಕೆನ್ನಿಸಿತು, ಮುಗಿದೇ ಬಿಟ್ಟ.

ಧನುಶ್ರೀ ವಾರವೆಲ್ಲ ಗೆಳತಿಯ ಕಂಪ್ಯೂಟರಿನಲ್ಲಿ ಕೂತು ಮಾಡಿಟ್ಟಿದ್ದ ಒಂದು ಆಟವನ್ನು ತೆರೆದಳು. ಪರದೆಯ ಮೇಲೆ ಒಂದು ಹುಳದ ಮನೆ. ಅವರದೇ ಹುಳದ ಮನೆ! ಅದೇ ತಟ್ಟಿ, ಅದೇ ಬಾಗಿಲು, ಕಿಟಕಿಯಾಚೆ ಕಬ್ಬಾಳು ಬೆಟ್ಟ ಅಡ್ಡಲಾಗಿ ಮಲಗಿತ್ತು. ಮೌಸು ಸರಿಸಿದರೆ ಒಳಗೆ ನಡೆದುಹೋಗಬಹುದಿತ್ತು. ಆಗಲೇ ಹೊರಗೆ ಯಾರದೋ ತೋಟದ ಪಂಪ್‌ಸೆಟ್ಟು ಶುರುವಾಯಿತು. ತಲೆಯ ಮೇಲಿನ ಫ್ಯಾನು ಸೋತು ನಿಧಾನವಾಯಿತು. ದೇವರಾಜು ಪರದೆಯನ್ನೇ ನೋಡಿದ. ಬೆಟ್ಟ ಕದಲಲಿಲ್ಲ, ಹುಳದ ಮನೆ ಆರಲಿಲ್ಲ. ಸದ್ದಿಲ್ಲದ ಆ ಕಪ್ಪು ಪೆಟ್ಟಿಗೆ, ಬಂದಷ್ಟು ಕರೆಂಟಿನಲ್ಲೇ ಎಲ್ಲರಿಗೂ ತುತ್ತು ಹಂಚುತ್ತಾ ಕೂತಿತ್ತು. ಭೇಷ್ ಎಂದು ಅವನು ಡಬ್ಬದ ನೆತ್ತಿ ತಟ್ಟಿದ.

"ಇದನ್ನ ಹಾಕ್ಕೋ ಅಪ್ಪ" ಎಂದು ಮಗಳು ಅವನ ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿದಳು. ಬಾಯಿಯ ಮುಂದೆ ಒಂದು ಪುಟ್ಟ ಮೈಕು ಚಾಚಿಕೊಂಡಿತ್ತು. ಅವಳು ಏನೋ ಒಂದನ್ನು ಮೇಲಕ್ಕೆ ಎಳೆದಳು, ಇನ್ನೂ ಮೇಲಕ್ಕೆ ಎಳೆದಳು.

ಮೊದಲು ಎಲ್ಲೋ ದೂರದಲ್ಲಿ ಮಳೆ ಹಿಡಿದಂತಾಯಿತು. ಮಳೆ ಹತ್ತಿರ ಬಂತು. ಎಡಗಿವಿಗೆ ಬಂತು, ಬಲಗಿವಿಗೆ ಬಂತು, ತಲೆಯ ತುಂಬ ಬಂತು. ಅದು ಮಳೆಯಲ್ಲ. ಹುಳ! ನಾಲ್ಕನೇ ಜ್ವರ ಎದ್ದ ಸಾವಿರಾರು ಹುಳ ಸೊಪ್ಪು ಮೇಯುವ ಸದ್ದು, ಅವನು ಹುಟ್ಟಿದ ಮನೆಯ ಸದ್ದು, ಇನ್ನು ಈ ಜನ್ಮದಲ್ಲಿ ಇಲ್ಲ ಎಂದು ಕೈ ಬಿಟ್ಟಿದ್ದ ಸದ್ದು. ದೇವರಾಜು ಎರಡೂ ಕೈಯಿಂದ ಹೆಡ್‌ಫೋನನ್ನು ಒತ್ತಿ ಹಿಡಿದುಕೊಂಡ. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು, ಒರೆಸಿಕೊಳ್ಳಲೂ ಇಲ್ಲ. ಸೌಮ್ಯ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು.

ಸ್ವಲ್ಪ ಹೊತ್ತಿಗೆ ಅವನ ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಗಮನವಿಟ್ಟು ಕೇಳಿದ. "ಧನು, ಇವು ಹಸ್ಕೊಂಡವೆ ಕಣವ್ವ" ಎಂದ. "ಎಲೆ ಮುಗ್ದು ತೊಟ್ಟಿಗೆ ಬಾಯಿ ಹಾಕ್ತಾ ಅವೆ. ಸೊಪ್ಪು ಸಾಲ್ದು ಇವಕ್ಕೆ. ಯಾವತ್ತಿಂದು ಇದು?"

ಧನುಶ್ರೀ ಕಣ್ಣು ಅಗಲಿಸಿ ಅಪ್ಪನನ್ನೇ ನೋಡಿದಳು. ಹೋದ ಬೆಳೆಯಲ್ಲಿ ಮಳೆ ಬಂದು ಸೊಪ್ಪು ನೆಂದು, ಆರಲಿ ಎಂದು ಕಾದು ತಡವಾಗಿ ಹಾಕಿದ ದಿನ, ಅವಳು ಫೋನಿನಲ್ಲಿ ಹಿಡಿದಿಟ್ಟ ಸದ್ದು ಅದು. ಆ ವಿಷಯ ಅವಳಿಗೇ ಮರೆತುಹೋಗಿತ್ತು. ಎಷ್ಟೋ ಸಲ ಕೇಳಿದ್ದಳು, ಅದರಲ್ಲಿ ಹಸಿವಿದೆ ಎಂದು ಅವಳಿಗೆ ಒಮ್ಮೆಯೂ ಕೇಳಿರಲಿಲ್ಲ.

"ಅಪ್ಪ" ಎಂದಳು. "ನಿನ್ನ ಕಿವಿ ಎಲ್ಲೂ ಹೋಗಿಲ್ಲ ಕಣಪ್ಪ. ಅದಕ್ಕೆ ಸದ್ದು ತಲುಪ್ತಿರಲಿಲ್ಲ ಅಷ್ಟೆ. ರಾಮನಗರದಲ್ಲಿ ಕಿವಿ ಡಾಕ್ಟ್ರು ಅವ್ರೆ. ಹೋಗಣ, ಆಯ್ತಾ?"

"ಹೋಗಣ" ಎಂದ ಅವನು. ಎರಡು ವರ್ಷದಿಂದ ಯಾರಾದರೂ ಕೇಳಿದ್ದರೆ ಬೈದು ಕಳಿಸುತ್ತಿದ್ದ ಮಾತಿಗೆ, ಇವತ್ತು ಇಷ್ಟು ಸುಲಭವಾಗಿ ಒಪ್ಪಿದ.

ಗೇಟು ಕಿರ್ರೆಂದಿತು. ಹೇಳಿದಂತೆ ಲಕ್ಷ್ಮಯ್ಯ ಬಂದಿದ್ದ, ಕೈಯಲ್ಲಿ ಟವಲು. ನಡುಮನೆಯ ದೀಪ, ಪರದೆಯ ಮೇಲಿನ ಬೆಟ್ಟ, ದೇವರಾಜುವಿನ ತಲೆಯ ಮೇಲಿನ ಹೆಡ್‌ಫೋನ್ ಎಲ್ಲ ನೋಡಿ ಹೊಸಿಲಲ್ಲೇ ನಿಂತುಬಿಟ್ಟ. "ಏನ್ಲಾ ಇದು ವೇಷ?"

ದೇವರಾಜುವಿನ ಹೊಟ್ಟೆಯಲ್ಲಿ ಎಂದಿನ ಕಲ್ಲು ಬೀಳಬೇಕಿತ್ತು. ಬೀಳಲಿಲ್ಲ. "ಬಾ ಲಕ್ಷ್ಮಯ್ಯಣ್ಣ, ಕೂತ್ಕೋ. ಒಂದ್ ಮಾತು ಹೇಳ್ಬೇಕು ನಿಂಗೆ" ಎಂದ. "ನನ್ ಕಿವಿಗೆ ಸಣ್ಣ ಸದ್ದು ಕೇಳಾದಿಲ್ಲ. ಎರಡು ವರ್ಷ ಆಯ್ತು. ನಿನ್ನೆ ನಿಂಗೆ ಹೇಳಿದ್ದು ನಾನಲ್ಲ, ನನ್ ಮಗಳು."

ಲಕ್ಷ್ಮಯ್ಯ ಮಗಳನ್ನು ನೋಡಿದ, ಅಪ್ಪನನ್ನು ನೋಡಿದ, ಕೈಯಲ್ಲಿದ್ದ ಟವಲನ್ನು ನೋಡಿದ. "ಹಂಗಾರೆ ಈ ಗೂಡು?" ಎಂದ ಗಾಬರಿಯಿಂದ.

"ಇವತ್ತು ನಾನೇ ಹೇಳ್ತೀನಿ. ಕೊಡಿಲ್ಲಿ."

ಧನುಶ್ರೀಗೆ ಅಪ್ಪ ಏನು ಮಾಡಲು ಹೊರಟಿದ್ದಾನೆಂದು ಹೊಳೆಯಿತು. ಆಟದ ಸದ್ದು ನಿಲ್ಲಿಸಿ, ಮೈಕನ್ನು ಮುಂದಕ್ಕೆ ಬಗ್ಗಿಸಿ, ಅದರ ಸದ್ದು ಹೆಡ್‌ಫೋನಿನಲ್ಲಿ ಜೋರಾಗಿ ಬರುವಂತೆ ಮಾಡಿಕೊಟ್ಟಳು. ಸೌಮ್ಯ ತಾನಾಗಿಯೇ ಹೋಗಿ ಫ್ಯಾನು ಆರಿಸಿದಳು. ದೇವರಾಜು ಒಂದು ಗೂಡನ್ನು ಎರಡು ಬೆರಳಲ್ಲಿ ಹಿಡಿದು ಮೈಕಿನ ಪಕ್ಕ ತಂದು, ಹಿಂದೆ ಕಿವಿಯ ಪಕ್ಕ ಅಲ್ಲಾಡಿಸುತ್ತಿದ್ದಂತೆಯೇ ಮೆಲ್ಲಗೆ ಅಲ್ಲಾಡಿಸಿದ.

ಅವನು ಗೂಡನ್ನು ಕೆಳಗಿಟ್ಟ, ಇನ್ನೊಂದನ್ನು ಎತ್ತಿದ, ಮತ್ತೊಂದನ್ನು ಎತ್ತಿದ. ಆಮೇಲೆ ಹೆಡ್‌ಫೋನ್ ತೆಗೆದು, ಅದನ್ನು ಲಕ್ಷ್ಮಯ್ಯನ ತಲೆಗೆ ಹಾಕಿ, ಅವನ ಗೂಡನ್ನೇ ಅವನಿಗೆ ಅಲ್ಲಾಡಿಸಿ ಕೇಳಿಸಿದ.

ಮುದುಕ ಬೆಚ್ಚಿಬಿದ್ದ. ನಲವತ್ತು ವರ್ಷ ರೇಷ್ಮೆ ಬೆಳೆದವನು, ಗೂಡಿನೊಳಗಿನ ಸದ್ದನ್ನು ಇಷ್ಟು ಹತ್ತಿರದಿಂದ ಒಮ್ಮೆಯೂ ಕೇಳಿದವನಲ್ಲ. "ಅಯ್ಯೋ ಶಿವನೇ" ಎಂದ ಪಿಸುದನಿಯಲ್ಲಿ. "ಬಾಗ್ಲು ಬಡೀತಾ ಐತಲ್ಲೋ ಒಳಗೆ!"

"ಜೀವ ಗಟ್ಟಿಯಾಗೈತೆ ಅಣ್ಣ" ಎಂದ ದೇವರಾಜು. "ಬುಡ್ಸು."